ನಡೆದು ಗಳಿಸಿದ ದಾರಿ

ದಾರಿ ಯಾರ ಸೊತ್ತು? ಮೇಲುನೋಟಕ್ಕೆ ಇದು ಮಕ್ಕಳ ಪ್ರಶ್ನೆಯಂತೆ ತೋರಬಹುದು. ನಡೆಯುವವನ ಸೊತ್ತು ಎಂದು ನಾವು ಥಟ್ಟನೆ ಉತ್ತರ ಕೊಟ್ಟೇವು. ಆದರೆ ಈ ಉತ್ತರವನ್ನು ದಕ್ಕಿಸಿಕೊಳ್ಳಲು ಇಂಗ್ಲೆಂಡಿನ ಜನಸಾಮಾನ್ಯರು ಮೂವತ್ತು ವರ್ಷಕ್ಕೂ ಮಿಕ್ಕಿ ಹೆಣಗಬೇಕಾಯಿತೆಂಬುದನ್ನು ನೆನೆದಾಗ, ಪ್ರಶ್ನೆ ಅಷ್ಟೇನೂ ಎಳಸಲ್ಲವೆಂದು ನನಗೆ ಅನ್ನಿಸುತ್ತದೆ. ನಾನು ಹೇಳಹೊರಟಿರುವುದು ಪೆನೈನ್ ವೇ ಎಂಬ ಕಾಲುದಾರಿಯ ಕಥೆಯನ್ನು.

ಮ್ಯಾಂಚೆಸ್ಟರಿನಲ್ಲಿ ರೈಲು ಹತ್ತಿದರೆ ಒಂದು ಗಂಟೆಯೊಳಗೆ ಈಡೇಲ್ ಎಂಬ ಪುಟ್ಟ ನಿಲ್ದಾಣದಲ್ಲಿ ಇಳಿಯಬಹುದು. ಷೆಫೀಲ್ಡಿನಿಂದಲೂ ಅಲ್ಲಿಗೆ ರೈಲುಂಟು. ದಾರಿ ಹೊರಡುವುದು ಆ ಹಳ್ಳಿಯಿಂದ. ಇಂಗ್ಲೆಂಡಿನ ಬೆನ್ನೆಲುಬೆಂದು ಹೆಸರಾದ ಪೆನೈನ್ ಬೆಟ್ಟಸಾಲನ್ನು ಹಿಡಿದು ಉತ್ತರಾಭಿಮುಖವಾಗಿ 268 ಮೈಲಿ ಸಾಗಿ, ಸ್ಕಾಟ್ಲೆಂಡಿನ ಗಡಿಯೊಳಗಿನ ಕರ್ಕ್ ಯೆಟ್‌ಹೋಮ್ ಎಂಬ ಊರಿನಲ್ಲಿ ಅದು ಮುಗಿಯುತ್ತದೆ. ಪೂರ್ತಿ ನಡೆಯುವವರಿಗೆ ಎರಡು ಮೂರು ವಾರಗಳೇ ಬೇಕು. ಎಮಿಲಿ ಬ್ರಾಂಟೆಯ ಕಾದಂಬರಿಯನ್ನು ಓದಿದವರಿಗೆ ಹಾವರ್ತ್ ಬಳಿಯ ಬೋಳುಬಯಲು ಇಲ್ಲಿ ಎದುರಾಗುತ್ತದೆ. ಮಾಲಮ್ ಎಂಬಲ್ಲಿ ಸುಣ್ಣಕಲ್ಲಿನ ಮಹಾಭಿತ್ತಿ, ಟೀಸ್ ನದಿಯ ಹೈ ಫೋರ್ಸ್ ಜಲಪಾತ, ರೋಮನ್ ಚಕ್ರವರ್ತಿ ಹೇಡ್ರಿಯನ್ ಕಟ್ಟಿಸಿದ ಗೋಡೆ, ಎಲ್ಲವೂ ಒಂದೇ ದಾರಿಯ ಮೇಲೆ ದೊರೆಯುತ್ತವೆ. ಆದರೆ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಈ ನೋಟಗಳಲ್ಲ. ದಾರಿ ಹುಟ್ಟಿದ ಬಗೆ.

ಈಡೇಲ್ ಹಳ್ಳಿಯ ನೆತ್ತಿಯ ಮೇಲೆ ಕಿಂಡರ್ ಸ್ಕೌಟ್ ಎಂಬ ಪ್ರಸ್ಥಭೂಮಿಯಿದೆ. ಗಿರಣಿಗಳ ಹೊಗೆಯಲ್ಲಿ ವಾರವೆಲ್ಲ ದುಡಿದ ಕೆಲಸಗಾರರಿಗೆ ಭಾನುವಾರದ ಗಾಳಿ ದೊರೆಯಬಹುದಾಗಿದ್ದ ಸ್ಥಳ ಅದು. ಆದರೆ ಆ ನೆಲ ಶ್ರೀಮಂತರ ಬೇಟೆಗೆಂದು ಮೀಸಲಾಗಿತ್ತು. ಗ್ರೌಸ್ ಎಂಬ ಹಕ್ಕಿಗೆ ಅಲ್ಲಿ ತಿರುಗಾಡುವ ಸ್ವಾತಂತ್ರ್ಯವಿತ್ತು, ಮನುಷ್ಯನಿಗೆ ಇರಲಿಲ್ಲ. 1932ರ ಏಪ್ರಿಲ್ 24ರಂದು ಬೆನ್ನಿ ರಾಥ್‌ಮನ್ ಎಂಬ ಇಪ್ಪತ್ತರ ತರುಣನ ಮುಂದಾಳುತನದಲ್ಲಿ ನೂರಾರು ಮಂದಿ ಕಾವಲುಗಾರರನ್ನು ಲೆಕ್ಕಿಸದೆ ಬೆಟ್ಟ ಹತ್ತಿದರು. ತಳ್ಳಾಟವಾಯಿತು, ಒಬ್ಬ ಕಾವಲುಗಾರನಿಗೆ ಪೆಟ್ಟೂ ಬಿತ್ತು. ಐವರಿಗೆ ಎರಡರಿಂದ ಆರು ತಿಂಗಳ ಸೆರೆವಾಸ ವಿಧಿಸಲಾಯಿತು. ಅಂದಿನ ಪ್ರತಿಷ್ಠಿತ ಚಾರಣ ಸಂಘಗಳು ಈ ಸಾಹಸವನ್ನು ಮೆಚ್ಚಲಿಲ್ಲ. ಆದರೂ ಬೆಟ್ಟ ಹತ್ತಿದ ತಪ್ಪಿಗೆ ಹುಡುಗರು ಜೈಲು ಕಂಡರೆಂಬ ಸುದ್ದಿ ಜನರ ಮನಸ್ಸನ್ನು ನಾಟದೆ ಹೋಗಲಿಲ್ಲ.

ಮೂರು ವರ್ಷಗಳ ತರುವಾಯ ಲೇಖನಿ ಆ ಕೆಲಸವನ್ನು ಕೈಗೆತ್ತಿಕೊಂಡಿತು. ಇಂಗ್ಲೆಂಡಿನಲ್ಲಿ ಕಾಲ್ನಡಿಗೆಯ ಪ್ರವಾಸಕ್ಕೆ ಯೋಗ್ಯವಾದ ದಾರಿ ಯಾವುದೆಂದು ಅಮೆರಿಕದ ಇಬ್ಬರು ಹುಡುಗಿಯರು ಕಾಗದ ಬರೆದು ಕೇಳಿದ್ದರು. ‘ಡೈಲಿ ಹೆರಾಲ್ಡ್’ ಪತ್ರಿಕೆಯ ಟಾಮ್ ಸ್ಟೀಫನ್‌ಸನ್ ಅವರಿಗೆ ತೋರಿಸಲು ಅಂಥ ದಾರಿಯೇ ಇರಲಿಲ್ಲ. ಆ ಕೊರತೆಯನ್ನು ಕುರಿತೇ 1935ರ ಜೂನ್ 22ರಂದು ಅವರು ಒಂದು ಲೇಖನ ಬರೆದು, ಪೆನೈನ್ ಸಾಲಿನುದ್ದಕ್ಕೂ ಒಂದು ಹಸುರು ದಾರಿ ಬೇಕೆಂದು ಕೇಳಿದರು. ಪತ್ರಿಕೆಯ ಲೇಖನಕ್ಕೆ ಸಾಮಾನ್ಯವಾಗಿ ಒಂದು ದಿನದ ಆಯುಸ್ಸು. ಈ ಲೇಖನವಾದರೋ ಮೂವತ್ತು ವರ್ಷ ಬದುಕಿ, ಕೊನೆಗೆ ನೆಲದ ಮೇಲೆ ಮೂಡಿತು. 1949ರ ಶಾಸನ ಇಂಥ ದೀರ್ಘಪಥಗಳಿಗೆ ಅವಕಾಶ ಕಲ್ಪಿಸಿತು; ಸಾರ್ವಜನಿಕ ಕಾಲುದಾರಿಗಳನ್ನೆಲ್ಲ ಅಧಿಕೃತ ನಕ್ಷೆಯಲ್ಲಿ ದಾಖಲಿಸಬೇಕೆಂದೂ ವಿಧಿಸಿತು. 1965ರಲ್ಲಿ, ಅದೇ ಏಪ್ರಿಲ್ 24ರಂದು, ಪೆನೈನ್ ವೇ ಸಾರ್ವಜನಿಕರಿಗೆ ತೆರೆಯಿತು. 2002ರಲ್ಲಿ ಡೆವನ್‌ಷೈರಿನ ಡ್ಯೂಕರು ತಮ್ಮ ತಾತನ ಕಾಲದಲ್ಲಿ ನಡೆದುದಕ್ಕಾಗಿ ಬಹಿರಂಗವಾಗಿ ಕ್ಷಮೆ ಕೋರಿದರು. ಲೇಖನಿಯ ಶಕ್ತಿಯನ್ನು ಶಂಕಿಸುವ ನಮ್ಮ ವಿದ್ಯಾರ್ಥಿ ಮಿತ್ರರು ಈ ತಾರೀಖುಗಳನ್ನು ಗಮನಿಸಬೇಕು. ಲೇಖನಿಯೊಂದೇ ಸಾಕೆಂದು ನಂಬಿದವರೂ ಗಮನಿಸಬೇಕು.

ಗೆದ್ದ ದಾರಿಗೆ ಗೆದ್ದವರ ಕಾಲುಗಳಿಂದಲೇ ಅಪಾಯ ಬಂತು. ಅಲ್ಲಿನ ಬೆಟ್ಟಗಳ ಮೇಲಿರುವುದು ನೀರು ಹೀರಿದ ಕರಿಯ, ಮೆದು ಮಣ್ಣು. ಸಾವಿರಾರು ಬೂಟುಗಳ ತುಳಿತಕ್ಕೆ ಅದು ಕೆಸರಾಗಿ, ದಾರಿ ಹುಣ್ಣಿನಂತೆ ಅಗಲವಾಗುತ್ತ ಹೋಯಿತು. ಅದನ್ನು ತಡೆಯಲು ಪಾಳುಬಿದ್ದ ಹತ್ತಿ ಗಿರಣಿಗಳ ನೆಲದ ಚಪ್ಪಡಿಗಳನ್ನು ಹೆಲಿಕಾಪ್ಟರಿನಲ್ಲಿ ತಂದು ಹಾಸಿದರು. ಯಾವ ಕಲ್ಲಿನ ಮೇಲೆ ಹಿಂದಿನ ತಲೆಮಾರಿನವರು ನಿಂತು ದುಡಿದರೋ, ಅದೇ ಕಲ್ಲಿನ ಮೇಲೆ ಇಂದಿನವರು ವಿರಾಮಕ್ಕಾಗಿ ನಡೆಯುತ್ತಾರೆ. ಇದಕ್ಕೆ ನಾನು ಯಾವ ವ್ಯಾಖ್ಯಾನವನ್ನೂ ಸೇರಿಸಲಾರೆ.

ಇಡೀ ದಾರಿಗೆ ಬಿಡುವಿಲ್ಲದವರು ಗಾರ್ಗ್ರೇವ್ ನಿಲ್ದಾಣದಲ್ಲಿ ಇಳಿದು, ಮಾಲಮ್ ಮಾರ್ಗವಾಗಿ ಪೆನಿಗೆಂಟ್ ಬೆಟ್ಟವನ್ನು ದಾಟಿ, ಎರಡು ಮೂರು ದಿನಗಳಲ್ಲಿ ಹಾರ್ಟನ್ ನಿಲ್ದಾಣ ಸೇರಿ ಮರಳಿ ರೈಲು ಹಿಡಿಯಬಹುದು. ಈ ರೈಲೂ ಪುಕ್ಕಟೆಯಾಗಿ ಉಳಿದದ್ದಲ್ಲ. ಹಾರ್ಟನ್ ನಿಲ್ದಾಣವನ್ನು 1970ರಲ್ಲಿ ಮುಚ್ಚಿದ್ದರು. ಅದು ಮತ್ತೆ ತೆರೆದದ್ದು 1986ರಲ್ಲಿ. ಸೆಟಲ್‌ನಿಂದ ಕಾರ್ಲೈಲಿಗೆ ಹೋಗುವ ಆ ಹಾದಿಯನ್ನೇ ಕಿತ್ತುಹಾಕುವ ಯೋಚನೆ ಬಂದಾಗ ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಆಕ್ಷೇಪಣೆಗಳು ಬಂದವು. ಅವುಗಳಲ್ಲಿ ಟಿಕೆಟ್ಟಿನ ಪ್ರಯಾಣಿಕನಾಗಿದ್ದ ಒಂದು ನಾಯಿಯ ಪಂಜದ ಗುರುತೂ ಇತ್ತು! 1989ರಲ್ಲಿ ಸರಕಾರ ಆ ಯೋಚನೆಯನ್ನು ಕೈಬಿಟ್ಟಿತು.

ನಮ್ಮ ಗ್ರಾಮನಕ್ಷೆಗಳಲ್ಲಿಯೂ ಬಂಡಿದಾರಿ, ಕಾಲುದಾರಿಗಳ ಗೆರೆಗಳಿವೆ. ‘ನಕಾಶೆ ಕಂಡ ದಾರಿ’ ಎಂಬ ಮಾತು ನಮ್ಮ ರೈತರಿಗೆ ಚೆನ್ನಾಗಿ ಗೊತ್ತು. ಆದರೆ ನಕ್ಷೆ ಕಂಡ ದಾರಿ ಎಷ್ಟೋ ಕಡೆ ಕಣ್ಣಿಗೆ ಕಾಣುವುದಿಲ್ಲ. ಅಕ್ಕಪಕ್ಕದ ಹೊಲಗಳು ಅದನ್ನು ಸದ್ದಿಲ್ಲದೆ ಉತ್ತುಕೊಂಡಿರುತ್ತವೆ. ನಾವು ನಡೆಯುವುದನ್ನು ಬಿಟ್ಟೆವು, ದಾರಿ ನಮ್ಮನ್ನು ಬಿಟ್ಟಿತು. ಇಂಗ್ಲೆಂಡಿನವರ ಬೆಟ್ಟ ನಮಗೆ ಬೇಡ, ಅವರ ಮಳೆಯೂ ಬೇಡ. ಈ ರಜೆಯಲ್ಲಿ ಒಬ್ಬ ಉಪಾಧ್ಯಾಯರು ತಮ್ಮ ನಾಲ್ವರು ಶಿಷ್ಯರೊಡನೆ ಊರಿನ ನಕ್ಷೆಯನ್ನು ಕೈಯಲ್ಲಿ ಹಿಡಿದು, ಅದರಲ್ಲಿನ ಒಂದು ಗೆರೆಯ ಗುಂಟ ನಡೆದು ನೋಡಲಿ. ದಾರಿ ಇದ್ದರೆ ಸಂತೋಷ. ಇಲ್ಲದಿದ್ದರೆ, ಎಲ್ಲಿಂದ ಆರಂಭಿಸಬೇಕೆಂಬುದಾದರೂ ತಿಳಿಯುತ್ತದೆ.