ರೋಗ ಬಲಿತ ಮೇಲೆ ರಕ್ಷೆಯೆ?

ಮಾಲೂರು ತಾಲ್ಲೂಕಿನ ಶಿವಾರಪಟ್ಟಣದ ಉಳಿಯ ನಾದವನ್ನು ಕೇಳಿರುವಿರಾ? ಅಲ್ಲಿ ಮೂರ್ತಿ ಕೆತ್ತುವ ಶಿಲ್ಪಿಯು ಉಸಿರೊಡನೆ ಕಲ್ಲಿನ ಧೂಳನ್ನೂ ಸೇವಿಸುತ್ತಾನೆ. ಅದರಿಂದ ಸಿಲಿಕೋಸಿಸ್ ತಗುಲಿದರೆ, ಕೆಟ್ಟ ಶ್ವಾಸಕೋಶವು ಮತ್ತೆ ಸರಿಹೋಗದು.

2018ರ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯು ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಅಭಯವಿತ್ತಿದೆ, ಸ್ವಾಗತಾರ್ಹವೇ ಸರಿ. ಆದರೆ ಆ ಅಭಯವು ಆಸ್ಪತ್ರೆಯ ಹಾಸಿಗೆ ಹಿಡಿದವನಿಗೆ. ಮನೆಯಲ್ಲಿ ಕೆಮ್ಮುತ್ತಿರುವವನ ನಿತ್ಯದ ಔಷಧಿ, ಬಸ್ಸಿನ ಖರ್ಚು, ತಪ್ಪಿದ ಕೂಲಿ ಆ ಲೆಕ್ಕಕ್ಕೆ ಬಾರವು. ಬಡತನದ ರೇಖೆಯ ಮೇಲಿನವರಿಗಂತೂ ನಿಗದಿತ ದರದ ಶೇಕಡ 30 ಮಾತ್ರ.

ರೋಗ ಬಲಿಯುವವರೆಗೆ ಕಾದು ಹಣ ತೆರುವುದು ವಿವೇಕವೆ? ಧೂಳಡಗಿಸುವ ನೀರು, ಮುಖಕವಚ, ವರ್ಷಕ್ಕೊಮ್ಮೆ ಎದೆಯ ಪರೀಕ್ಷೆ, ಉಚಿತ ಔಷಧಿ—ಇವನ್ನು ಸರ್ಕಾರವು ಊರಿಗೇ ತಲುಪಿಸಲಿ. ಕಾಯಕವನ್ನು ಕೊಂಡಾಡುವ ನಾವು ಕಾಯಕಜೀವಿಯ ಉಸಿರಿಗೆ ದನಿಯಾಗದಿದ್ದರೆ, ನಮ್ಮ ದಾಸೋಹಕ್ಕೆ ಅರ್ಥವೇನು?