ಕೊಳ್ಳುವ ಮುನ್ನ: ಪ್ಯಾರಾಕಾರ್ಡ್ ಕೈಪಟ್ಟಿ

ಚಾರಣಕ್ಕೆ ಹೊರಟ ಹುಡುಗರಿಗೆ ಈಗ ಪ್ಯಾರಾಕಾರ್ಡ್ ಕೈಪಟ್ಟಿಯ ಹಂಬಲ. ಎರಡನೆಯ ಮಹಾಯುದ್ಧದ ಪ್ಯಾರಾಚೂಟುಗಳಿಗೆ ಕಟ್ಟಿದ ನೈಲಾನ್ ಹಗ್ಗದ ವಂಶವಿದು. ಬಿಚ್ಚಿದರೆ ಸುಮಾರು 3 ಮೀಟರ್ ಹಗ್ಗ. ಡೇರೆ ಬಿಗಿಯಲು, ಹರಿದ ಚೀಲ ಕಟ್ಟಲು ಸಾಕು.

‘550’ ಎಂಬ ಗುರುತಿನ ಅರ್ಥ, 550 ಪೌಂಡು, ಎಂದರೆ ಸುಮಾರು 250 ಕಿಲೋ ತೂಕ ತಾಳಬೇಕೆಂದು. ಎರಡು ಕೈಪಟ್ಟಿಗಳನ್ನು ತಂದು ಕತ್ತರಿಸಿ ನೋಡಿದೆವು. ಒಂದರ ಹೊದಿಕೆಯೊಳಗೆ ಹುರಿಗೊಳಿಸಿದ ಏಳು ಎಳೆಗಳು. ಇನ್ನೊಂದರಲ್ಲಿ ಸಡಿಲ ನಾರಿನ ಮುದ್ದೆ. ಹೊರಗಿನ ಬೆಡಗು ಮಾತ್ರ ಎರಡಕ್ಕೂ ಒಂದೇ! ಆದುದರಿಂದ ಹಗ್ಗದ ಕೊಯ್ದ ತುದಿಯನ್ನು ತೋರಿಸದ ಅಂಗಡಿಯಲ್ಲಿ ಕೊಳ್ಳಬೇಡಿ.

ಅಸಲಿಯಾದರೂ ಇದು ಬಂಡೆ ಏರುವ ಹಗ್ಗವಲ್ಲ. ಬೀಳುವ ದೇಹದ ಜಗ್ಗು ಆ 250 ಕಿಲೋವನ್ನು ಸುಲಭವಾಗಿ ಮೀರಬಲ್ಲುದು. ಮಗನ ಕೈಗೆ ಪಟ್ಟಿ ಕಟ್ಟುವಾಗ ಈ ಮಾತನ್ನೂ ಕಿವಿಗೆ ಹಾಕಿ ಕಳುಹಿಸಿ.