ಔಷಧವೆಂಬ ವಿಷ

ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ಜೈನರು ದಾನವನ್ನು ನಾಲ್ಕು ಬಗೆಯಾಗಿ ಎಣಿಸುತ್ತ ಬಂದಿದ್ದಾರೆ. ಇವುಗಳಲ್ಲಿ ಎರಡನೆಯದರ ಹೆಸರಿಗೆ ಇಂದು ವಿಚಿತ್ರ ಗತಿ ಒದಗಿದೆ. ಘಟಪ್ರಭೆಯ ದಂಡೆಯ ಮಸಗುಪ್ಪಿಯ ಸೀಮೆಯಲ್ಲಾಗಲಿ, ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಬೇರಾವ ಊರಿನಲ್ಲಾಗಲಿ, ಬೆನ್ನಿಗೆ ಪಂಪು ಕಟ್ಟಿಕೊಂಡು ಹೊರಟವನನ್ನು ಕೇಳಿದರೆ ‘ಔಷಧ ಹೊಡೆಯಲು’ ಎನ್ನುತ್ತಾನೆ. ಕೊಲ್ಲುವ ದ್ರವ್ಯಕ್ಕೆ ಬದುಕಿಸುವ ದ್ರವ್ಯದ ಹೆಸರು! ಕಬ್ಬಿನ ಸಾಲ ಹೊತ್ತ ರೈತನು ಈ ಮಾತನ್ನಾಡಿದರೆ ಕ್ಷಮಿಸಬಹುದು. ಬಸದಿಯ ಖರ್ಚಿನ ಪುಸ್ತಕದಲ್ಲಿ ‘ಉದ್ಯಾನದ ಔಷಧ’ ಎಂದು ಬರೆಯಿಸುವ ವಿಶ್ವಸ್ತರಿಗೆ ಆ ವಿನಾಯಿತಿ ಸಲ್ಲದು.

ಹಿಂದೆ ಬಸದಿಯ ಅಂಗಳವೆಂದರೆ ಒಂದು ಪಾರಿಜಾತ, ಒಂದು ಸಂಪಿಗೆ, ಬಾವಿಯ ಬದಿಯಲ್ಲಿ ನಾಲ್ಕು ದಾಸವಾಳ. ಇಂದು ಜೀರ್ಣೋದ್ಧಾರದ ಹುರುಪಿನಲ್ಲಿ ಹುಲ್ಲುಹಾಸು ಬೇಕು, ಅಳತೆಗೆ ಕತ್ತರಿಸಿದ ಬೇಲಿಗಿಡ ಬೇಕು, ಬಣ್ಣದೆಲೆಯ ಕುಂಡಗಳು ಬೇಕು. ಇಂತಹ ಉದ್ಯಾನದಲ್ಲಿ ತೂತುಬಿದ್ದ ಎಲೆಯೊಂದು ಕಂಡರೂ ಅವಮಾನ. ಆಗ ಪಂಪು ಹೊರಬರುತ್ತದೆ.

ಗೃಹಸ್ಥನಿಗೆ ಕೃಷಿಯಲ್ಲಿ ತಪ್ಪದೆ ಒದಗುವ ಹಿಂಸೆಯನ್ನು ಆಚಾರ್ಯರು ಉದ್ಯೋಗೀ ಹಿಂಸೆಯೆಂದು ಬೇರೆಯಾಗಿಟ್ಟರು. ಬೆಳಗಾವಿ ಜಿಲ್ಲೆಯ ಜೈನರಲ್ಲಿ ಬಹುಮಂದಿ ಒಕ್ಕಲುತನದವರು. ನೇಗಿಲ ಮೊನೆಗೆ ಸಿಕ್ಕುವ ಜೀವದ ಸಂಕಟ ಅವರಿಗೆ ಹೊಸದಲ್ಲ. ಅದಕ್ಕೂ ಒಂದು ಮಿತಿಯಿದೆಯೆಂಬುದು ಬೇರೆ ಚರ್ಚೆ. ಆದರೆ ಬಸದಿಯ ಹುಲ್ಲುಹಾಸು ಯಾರ ಹೊಟ್ಟೆಯನ್ನೂ ತುಂಬಿಸುವುದಿಲ್ಲ. ನಿಷ್ಪ್ರಯೋಜನವಾಗಿ ಮಾಡುವ ಪಾಪಕ್ಕೆ ಅನರ್ಥದಂಡವೆಂದು ಹೆಸರು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅದನ್ನು ಐದು ವಿಧವಾಗಿ ವಿವರಿಸುವಾಗ, ಸುಮ್ಮನೆ ನೆಲ ಅಗೆಯುವುದನ್ನೂ ನೀರು ಚೆಲ್ಲುವುದನ್ನೂ ಗಿಡ ಕಡಿಯುವುದನ್ನೂ ಪ್ರಮಾದಚರ್ಯೆಯಲ್ಲಿ ಸೇರಿಸಿದ್ದಾರೆ. ಏಕೇಂದ್ರಿಯ ಜೀವಗಳ ವಿಷಯದಲ್ಲಿಯೇ ಇಷ್ಟು ಎಚ್ಚರ. ಮಣ್ಣಿನ ಎರೆಹುಳು ದ್ವೀಂದ್ರಿಯ, ಇರುವೆ ತ್ರೀಂದ್ರಿಯ, ಜೇನ್ನೊಣ ಮತ್ತು ಚಿಟ್ಟೆ ಚತುರಿಂದ್ರಿಯ, ಕುಂಡದ ನೆರಳಿನ ಕಪ್ಪೆ ಪಂಚೇಂದ್ರಿಯ. ಈ ತ್ರಸಜೀವಗಳನ್ನು ಸಂಕಲ್ಪಪೂರ್ವಕವಾಗಿ ಕೊಲ್ಲುವುದಿಲ್ಲವೆಂಬುದೇ ಅಣುವ್ರತಿಯ ಮೊದಲ ನಿಯಮ.

‘ಕೊಲ್ಲುವ ಉದ್ದೇಶ ನಮಗಿಲ್ಲ, ಗಿಡವನ್ನು ಉಳಿಸುವುದಷ್ಟೇ’ ಎಂಬ ಸಮಾಧಾನ ಕೇಳಿಬರುತ್ತದೆ. ಡಬ್ಬಿಯ ಮೇಲೆ ಕೀಟನಾಶಕವೆಂದೇ ಅಚ್ಚಾಗಿರುವಾಗ ಉದ್ದೇಶವನ್ನು ಬೇರೆಲ್ಲಿ ಹುಡುಕಬೇಕು? ‘ಹೊಡೆಯುವವನು ಮಾಲಿ’ ಎಂಬುದು ಇನ್ನೊಂದು ಸಮಾಧಾನ. ಕೃತ, ಕಾರಿತ, ಅನುಮತ ಎಂಬ ಮೂರು ಪದಗಳನ್ನು ಬಾಲಬೋಧೆಯಲ್ಲಿಯೇ ಕಲಿತವರ ಬಾಯಲ್ಲಿ ಈ ಮಾತು ಬರಬಾರದು. ಅದೂ ಆ ಮಾಲಿಗೆ ಕೈಚೀಲವಿಲ್ಲ, ಮೂಗಿಗೆ ಬಟ್ಟೆಯಿಲ್ಲ. ವಿಷವು ಹುಳುವಿಗೆ ನಿಲ್ಲುವುದಿಲ್ಲವೆಂಬುದಕ್ಕೆ ಕಾಸರಗೋಡಿನ ಕನ್ನಡದ ಊರುಗಳು ಸಾಕ್ಷಿ. ಪಡ್ರೆಯಂತಹ ಗ್ರಾಮಗಳ ಸುತ್ತಲಿನ ಗೇರುತೋಟಗಳಿಗೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಸಲಾಯಿತು. ಸರ್ವೋಚ್ಚ ನ್ಯಾಯಾಲಯ ಅದನ್ನು ತಡೆದದ್ದು 2011ರಲ್ಲಿ. ಅಷ್ಟರಲ್ಲಿ ಮಕ್ಕಳ ಒಂದು ಪೀಳಿಗೆಯೇ ನೊಂದಿತ್ತು.

ಕರಿಬೇವಿನ ಅಥವಾ ನಿಂಬೆಯ ಎಳೆಯೆಲೆಯ ಮೇಲೆ ಹಕ್ಕಿಯ ಹಿಕ್ಕೆಯಂತಹ ಚುಕ್ಕೆಯೊಂದು ಕಾಣುತ್ತದೆ. ಅದು ಹಿಕ್ಕೆಯಲ್ಲ, ಚಿಟ್ಟೆಯ ಮರಿಹುಳು. ಬೆಳೆದಂತೆ ಹಸಿರಾಗುತ್ತದೆ, ಹತ್ತಿಪ್ಪತ್ತು ಎಲೆ ತಿನ್ನುತ್ತದೆ, ಕೋಶ ಕಟ್ಟಿ ರೆಕ್ಕೆ ಪಡೆದು ಹೋಗುತ್ತದೆ. ಗಿಡ ಮತ್ತೆ ಚಿಗುರುತ್ತದೆ. ಇನ್ನು ಗುಬ್ಬಿ. ದೊಡ್ಡ ಗುಬ್ಬಿ ಕಾಳು ತಿನ್ನುತ್ತದೆಯಾದರೂ ಮರಿಗೆ ಕೊಡುವುದು ಮೆತ್ತನೆಯ ಹುಳುಗಳನ್ನು. ಬೆಳಿಗ್ಗೆ ಬಸದಿಯ ಕಟ್ಟೆಯ ಮೇಲೆ ಹಕ್ಕಿಗಳಿಗೆ ಕಾಳು ಚೆಲ್ಲಿ ಪುಣ್ಯ ಗಳಿಸಿದವರು ಸಂಜೆ ವಿಷ ಸಿಂಪಡಿಸಿದರೆ, ಅದೇ ಹಕ್ಕಿಯ ಮರಿಗಳ ತುತ್ತನ್ನು ಕಸಿದಂತಾಗುತ್ತದೆ. ದೆಹಲಿಯ ಲಾಲ್ ಮಂದಿರದಲ್ಲಿ ಪಕ್ಷಿಗಳ ಆಸ್ಪತ್ರೆ ನಡೆಸುವ ಸಮಾಜವಿದು! ಗಿಡದ ಹೇನುಗಳನ್ನು ತಿನ್ನುವ ಗುಲಗಂಜಿ ಹುಳುವೂ ಅದೇ ಸಿಂಪರಣೆಯಲ್ಲಿ ಸಾಯುತ್ತದೆ. ಹೇನು ಬೇಗ ಹೆಚ್ಚುತ್ತದೆ, ಗುಲಗಂಜಿ ಹುಳು ನಿಧಾನ. ಒಮ್ಮೆ ಹೊಡೆದವರು ಮತ್ತೆ ಮತ್ತೆ ಹೊಡೆಯಬೇಕಾಗುವುದು ಹೀಗೆ. ಅಂಗಡಿಯವರಿಗೆ ಲಾಭವೇ ಸರಿ.

ವಿಷದಷ್ಟೇ ದೊಡ್ಡ ತಪ್ಪು ದೀಪಾಲಂಕಾರ. ರಾತ್ರಿಭೋಜನ ತ್ಯಾಗಕ್ಕೆ ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಕೊಡುವ ಕಾರಣವೆಂದರೆ ದೀಪದ ಬೆಳಕಿನಲ್ಲಿಯೂ ಸೂಕ್ಷ್ಮಜೀವಗಳ ಹಿಂಸೆ ತಪ್ಪದೆಂಬುದು. ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸುವ ವಿಶ್ವಸ್ತರು ಹುಲ್ಲುಹಾಸಿನ ಮೇಲೆ ಬೆಳಗಿನವರೆಗೆ ದೊಡ್ಡ ದೀಪಗಳನ್ನುರಿಸುತ್ತಾರೆ. ಮುಂಜಾನೆ ಕಸಬರಿಗೆಗೆ ಸಿಕ್ಕುವುದು ಸತ್ತ ಪತಂಗಗಳ ರಾಶಿ. ಉದುರಿದೆಲೆಗೆ ಬೆಂಕಿಯಿಡುವುದೂ ಇದೇ ಸಾಲಿನದು. ಕಬ್ಬಿನ ರವದಿ ಸುಡುವ ಚಾಳಿ ಹೊಲದಿಂದ ಬಸದಿಯ ಅಂಗಳಕ್ಕೆ ಬಂದಂತಿದೆ.

ಸಮವಸರಣದ ಚಿತ್ರಪಟ ತೂಗುಹಾಕದ ಬಸದಿ ವಿರಳ. ಅದರಲ್ಲಿ ಅಶೋಕ, ಚಂಪಕ, ಆಮ್ರಗಳ ಉಪವನಗಳಿವೆ. ಹನ್ನೆರಡು ಕೋಷ್ಠಗಳಲ್ಲಿ ಕೊನೆಯದು ಪಶುಪಕ್ಷಿಗಳದು. ಗರ್ಭಗೃಹದ ಗೋಡೆಯ ಮೇಲೆ ಅವುಗಳಿಗೆ ಆಸನ, ಹೊರಗಿನ ಅಂಗಳದಲ್ಲಿ ವಿಷ.

ಪರಿಹಾರಕ್ಕೆ ಹಣ ಬೇಕಿಲ್ಲ. ಹುಲ್ಲುಹಾಸಿನ ಬದಲು ಸ್ಥಳದ ಹೂಗಿಡಗಳನ್ನು ನೆಡಬಹುದು. ಒಂದು ಕರಿಬೇವನ್ನು ಮರಿಹುಳುಗಳಿಗೇ ಬಿಡಬಹುದು. ಉದುರಿದೆಲೆಯನ್ನು ಮೂಲೆಯಲ್ಲಿ ಕೊಳೆಯಲು ಹಾಕಬಹುದು, ರಾತ್ರಿ ಎಂಟಕ್ಕೆ ದೀಪ ಆರಿಸಬಹುದು. ಉಳಿದ ಡಬ್ಬಿಯನ್ನು ನೆರೆಯವನಿಗೆ ಕೊಟ್ಟರೆ ಅದು ಹಿಂಸಾದಾನ, ಗಟಾರಿಗೆ ಸುರಿದರೆ ಘಟಪ್ರಭೆಗೆ ಸೇರುತ್ತದೆ. ಆದ್ದರಿಂದ ಹೊಸದನ್ನು ಕೊಳ್ಳುವುದಿಲ್ಲವೆಂಬ ಠರಾವನ್ನು ಪ್ರತಿಯೊಂದು ಟ್ರಸ್ಟೂ ಬರುವ ದಶಲಕ್ಷಣ ಪರ್ವಕ್ಕೆ ಮುಂಚೆಯೇ ತನ್ನ ಪುಸ್ತಕದಲ್ಲಿ ಬರೆದುಕೊಳ್ಳಲಿ.